ಹಡಗಿನ ರಾಟೆಯೂ ಬಡಗಿಯ ಮೇಜೂ

ಬಾವಿಯ ರಾಟೆಯ ಮೇಲೆ ಹಗ್ಗ ಓಡುವುದನ್ನು ನೋಡದವರು ನಮ್ಮಲ್ಲಿ ವಿರಳ. ಆ ರಾಟೆಗೆ ಒಂದು ಮರದ ಗವಸು ತೊಡಿಸಿದರೆ ಅದೇ ಹಾಯಿಹಡಗಿನ ರಾಟೆ. ಹಾಯಿ ಏರಿಸಲು, ಇಳಿಸಲು, ಫಿರಂಗಿಯನ್ನು ಎಳೆದು ನಿಲ್ಲಿಸಲು ಅದು ಬೇಕು. ೭೪ ಫಿರಂಗಿಗಳ ಒಂದು ಯುದ್ಧನೌಕೆಗೆ ಸುಮಾರು ೧೦೦೦ ರಾಟೆಗಳು ಹಿಡಿಯುತ್ತಿದ್ದುವು. ನೆಪೋಲಿಯನ್ನನೊಡನೆ ಯುದ್ಧ ನಡೆದಾಗ ಇಂಗ್ಲೆಂಡಿನ ನೌಕಾಬಲಕ್ಕೆ ವರ್ಷಕ್ಕೆ ಒಂದು ಲಕ್ಷದಷ್ಟು ರಾಟೆ ಬೇಕಾಯಿತು. ಇಂದಿನ ಮರಗೆಲಸದ ಅಂಗಡಿಗಳಲ್ಲಿ ಕಾಣುವ ರೌಟರ್ ಮೇಜಿನ ಪೂರ್ವಕಥೆಯಲ್ಲಿ ಈ ರಾಟೆಗೆ ದೊಡ್ಡ ಸ್ಥಾನವಿದೆ.

ರೌಟರ್ ಮೇಜೆಂದರೇನು? ಮೇಜಿನ ಕೆಳಗೆ ವಿದ್ಯುತ್ ಯಂತ್ರವೊಂದು ತಲೆಕೆಳಗಾಗಿ ತೂಗುತ್ತದೆ. ಅದರ ಅಲಗು ಹಲಗೆಯ ರಂಧ್ರದಿಂದ ಮೇಲೆದ್ದು, ನಿಮಿಷಕ್ಕೆ ಹತ್ತಿಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಮರವನ್ನು ಅದರ ಮುಂದೆ ತಳ್ಳಿದರೆ ತೋಡು, ಅಂಚು, ಬಳ್ಳಿ ಎಲ್ಲವೂ ಮೂಡುತ್ತವೆ. ಉಳಿ ಹತ್ತರಿಗಳ ಕೆಲಸದಲ್ಲಿ ಮರ ನಿಲ್ಲುತ್ತದೆ, ಉಪಕರಣ ನಡೆಯುತ್ತದೆ. ಇಲ್ಲಿ ಉಪಕರಣ ನಿಂತಲ್ಲೇ ತಿರುಗುತ್ತದೆ, ಮರ ನಡೆಯುತ್ತದೆ.

ತಿರುಗುವ ಅಲಗಿನಿಂದ ಮರವನ್ನು ಕೆತ್ತುವ ಯೋಚನೆಯನ್ನು ವಿಸ್ತಾರವಾಗಿ ಮುಂದಿಟ್ಟವನು ಸ್ಯಾಮ್ಯುಯೆಲ್ ಬೆಂಥಾಮ್. ತತ್ತ್ವಜ್ಞ ಜೆರಮಿ ಬೆಂಥಾಮನ ತಮ್ಮ. ಅವನು ೧೭೯೩ರಲ್ಲಿ ಪಡೆದ ಪೇಟೆಂಟಿನಲ್ಲಿ ಮರಗೆಲಸದ ಬಗೆಬಗೆಯ ಯಂತ್ರಗಳಿದ್ದುವು. ಮುಂದೆ ಅವನು ನೌಕಾನಿರ್ಮಾಣದ ಮೇಲಧಿಕಾರಿಯಾದ. ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು, ನ್ಯೂಯಾರ್ಕಿನಲ್ಲಿದ್ದು, ೧೭೯೯ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಮಾರ್ಕ್ ಬ್ರುನೆಲ್ ರಾಟೆ ತಯಾರಿಸುವ ಯಂತ್ರಗಳ ನಕ್ಷೆ ತಂದು ತೋರಿಸಿದಾಗ, ಬೆಂಥಾಮ್ ಅದಕ್ಕೆ ಬೆಂಬಲವಾಗಿ ನಿಂತ. ಹೆನ್ರಿ ಮಾಡ್ಸ್‌ಲೆ ಎಂಬ ಕುಶಲಿ ಅವನ್ನು ಲೋಹದಲ್ಲಿ ಕಡೆದುಕೊಟ್ಟ. ಪೋರ್ಟ್ಸ್‌ಮತ್ ಬಂದರಿನಲ್ಲಿ ೪೫ ಯಂತ್ರಗಳು ಉಗಿಯ ಬಲದಿಂದ ತಿರುಗತೊಡಗಿದುವು.

ಅಲ್ಲಿ ಎಲ್ಮ್ ಮರದ ಹತ್ತು ತುಂಡುಗಳನ್ನು ಒಂದು ದೊಡ್ಡ ಚಕ್ರದ ಸುತ್ತ ಬಿಗಿಯುತ್ತಿದ್ದರು. ಚಕ್ರ ತಿರುಗಿದಂತೆ ಅಲಗು ಒಂದು ಅಚ್ಚುಪಟ್ಟಿಯ ಬಾಗನ್ನು ಅನುಸರಿಸಿ ತುಂಡುಗಳ ಮೈಯನ್ನು ದುಂಡಾಗಿಸುತ್ತಿತ್ತು. ಹಗ್ಗ ಕೂರುವ ತೋಡನ್ನು ಮತ್ತೊಂದು ಯಂತ್ರದ ತಿರುಗುವ ಅಲಗು ಕೊರೆಯುತ್ತಿತ್ತು. ಎಷ್ಟು ಆಳ ಎಂಬುದನ್ನು ಹೇಳುತ್ತಿದ್ದುದು ಅಲ್ಲಿಯೂ ಅಚ್ಚುಪಟ್ಟಿಯೇ. ೧೮೦೮ರಲ್ಲಿ ೧,೩೦,೦೦೦ ರಾಟೆಗಳು ಹೊರಬಂದುವು. ೧೧೦ ಮಂದಿ ನುರಿತವರ ಕೆಲಸವನ್ನು ಪಳಗದ ಹತ್ತು ಜನ ಮಾಡುತ್ತಾರೆಂದು ಅಂದು ಲೆಕ್ಕ ಹಾಕಿದರು.

ಈ ಲೆಕ್ಕದಲ್ಲಿ ಸರ್ಕಾರದ ಲಾಭವಿದೆ. ನೂರು ಮಂದಿಯ ಅನ್ನವೂ ಇದೆ. ವರ್ಷಗಟ್ಟಲೆ ಕಲಿತ ಕೈಯ ಹದಕ್ಕೆ ಅಲ್ಲಿ ಬೆಲೆ ಉಳಿಯಲಿಲ್ಲ. ಹಾಗೆಂದು ಕೌಶಲ ಸತ್ತುಹೋಯಿತೆ? ಇಲ್ಲ, ಜಾಗ ಬದಲಿಸಿತು. ಕೊರೆಯುವ ಕೈಯಿಂದ ಯಂತ್ರವನ್ನು ಹೊಂದಿಸುವ ಕೈಗೆ ಹೋಯಿತು. ಹೊಂದಿಸುವವನು ಬೇರೆ, ದುಡಿಯುವವನು ಬೇರೆ ಎಂದಾಯಿತು.

ಇವರಿಬ್ಬರನ್ನು ಮತ್ತೆ ಒಂದುಗೂಡಿಸಿದ್ದು ಸಣ್ಣ ವಿದ್ಯುತ್ ಮೋಟಾರು. ಅಮೆರಿಕದ ಸಿರಕ್ಯೂಸ್ ನಗರದ ಆರ್. ಎಲ್. ಕಾರ್ಟರ್ ೧೯೧೫ರ ಸುಮಾರಿಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ರೌಟರನ್ನು ರೂಪಿಸಿದ. ಅಂಥದನ್ನು ಬೋರಲು ಮಾಡಿ ಮೇಜಿಗೆ ಬಿಗಿದರೆ ರೌಟರ್ ಮೇಜಾಯಿತು. ಇಲ್ಲಿ ಹೊಂದಿಸುವವನೂ ಬಡಗಿಯೇ, ದುಡಿಯುವವನೂ ಬಡಗಿಯೇ.

ಆದ್ದರಿಂದ ಅವನ ಕೆಲಸ ಸ್ವಿಚ್ಚು ಒತ್ತುವ ಮುಂಚೆಯೇ ಮುಕ್ಕಾಲು ಮುಗಿದಿರಬೇಕು. ಅಲಗನ್ನು ಮುಟ್ಟುವ ಮೊದಲು ವಿದ್ಯುತ್ ಪ್ಲಗ್ ಕಿತ್ತಿರಬೇಕು. ಅಲಗಿನ ಕಾಂಡವನ್ನು ಹಿಡಿಬಾಯಿಯ ತಳದವರೆಗೆ ಇಳಿಸಿ, ಕೂದಲೆಳೆಯಷ್ಟಲ್ಲ, ಎರಡು ಮೂರು ಮಿಲಿಮೀಟರಿನಷ್ಟು ಮೇಲೆತ್ತಿ ಬಿಗಿಯಬೇಕು. ಅಲಗಿನ ಎತ್ತರ ತೋಡಿನ ಆಳವನ್ನೂ, ಹಿಂದಿನ ಒರಗುಪಟ್ಟಿ ತೋಡಿನ ಜಾಗವನ್ನೂ ಗೊತ್ತುಮಾಡುತ್ತವೆ. ಆಳ ಹೆಚ್ಚಿದ್ದರೆ ಒಂದೇ ಸಲ ಕೊರೆಯದೆ ಹಲವು ಸಲ ತಳ್ಳಬೇಕು. ಅಗಲವಾದ ಅಲಗಿಗೆ ವೇಗ ತಗ್ಗಿಸಬೇಕು. ಮರವನ್ನು ಬಲದಿಂದ ಎಡಕ್ಕೆ, ಅಲಗಿನ ತಿರುಗುವಿಕೆಗೆ ಎದುರಾಗಿ ನೂಕಬೇಕು. ದಿಕ್ಕು ತಪ್ಪಿದರೆ ಅಲಗು ಮರವನ್ನು ಕಸಿದುಕೊಳ್ಳುತ್ತದೆ, ಹಿಂದೆಯೇ ಬೆರಳು ಹೋದೀತು. ಅಲಗಿಗೂ ಒರಗುಪಟ್ಟಿಗೂ ನಡುವೆ ಮರವನ್ನು ತೂರಿಸುವುದು ಎಂದಿಗೂ ಸಲ್ಲದು. ಕೊನೆಗೆ, ಒಳ್ಳೆಯ ಮರಕ್ಕೆ ಮೊದಲು ರದ್ದಿ ತುಂಡಿನ ಮೇಲೆ ಪರೀಕ್ಷೆ.

ಪೋರ್ಟ್ಸ್‌ಮತ್ತಿನ ಅಚ್ಚುಪಟ್ಟಿ ಹತ್ತು ಜನರ ಪರವಾಗಿ ಯೋಚಿಸಿತು. ಈ ಮೇಜಿನ ಮುಂದೆ ನಿಂತವನು ತನ್ನ ಯೋಚನೆಯನ್ನು ತಾನೇ ಮಾಡಬೇಕು. ಅದರಲ್ಲಿ ಶ್ರಮವಿದೆ, ಕಳೆದುಹೋಗಿದ್ದ ಮರ್ಯಾದೆಯೂ ಇದೆ.