ಕಾರಿನ ಒಳಾಂಗಣದ ದುರ್ವಾಸನೆ

ಕಾರಿನ ಒಳಾಂಗಣದ ದುರ್ವಾಸನೆ ಎಂದರೆ ಕಾರಿನ ಆಸನ, ನೆಲಹಾಸು, ಮೇಲ್ಛಾವಣಿಯ ಒಳಹೊದಿಕೆ, ಹವಾನಿಯಂತ್ರಣ ವ್ಯವಸ್ಥೆ ಮೊದಲಾದ ಭಾಗಗಳಲ್ಲಿ ನೆಲೆಯೂರಿ, ಸಾಮಾನ್ಯ ಗುಡಿಸುವಿಕೆ ಮತ್ತು ಒರೆಸುವಿಕೆಯಿಂದ ಹೋಗದ ಅಹಿತಕರ ವಾಸನೆ. ತೇವದಲ್ಲಿ ಬೆಳೆಯುವ ಬೂಷ್ಟು ಮತ್ತು ಬ್ಯಾಕ್ಟೀರಿಯಾ, ಚೆಲ್ಲಿದ ಹಾಲು ಹಾಗೂ ಆಹಾರ, ಮೀನಿನ ನೀರು, ತಂಬಾಕಿನ ಹೊಗೆ ಮತ್ತು ವಾಹನದೊಳಗೆ ಸತ್ತ ಇಲಿ ಇದರ ಮುಖ್ಯ ಕಾರಣಗಳು. ದೀರ್ಘ ಮಳೆಗಾಲವಿರುವ ಮಂಗಳೂರಿನಂತಹ ಕರಾವಳಿ ನಗರಗಳಲ್ಲಿ ಈ ಸಮಸ್ಯೆ ಹೆಚ್ಚಾಗಿ ಕಂಡುಬರುತ್ತದೆ. ಸುಗಂಧದ್ರವ್ಯಗಳು ವಾಸನೆಯನ್ನು ಮರೆಮಾಡುತ್ತವೆಯೇ ಹೊರತು ನಿವಾರಿಸುವುದಿಲ್ಲ. ಮೂಲವನ್ನು ಪತ್ತೆಹಚ್ಚಿ ತೆಗೆಯುವುದು, ಆ ಭಾಗವನ್ನು ಪೂರ್ಣವಾಗಿ ಒಣಗಿಸುವುದು, ಉಳಿದ ವಾಸನೆಯನ್ನು ಅದರ ರಾಸಾಯನಿಕ ಗುಣಕ್ಕೆ ತಕ್ಕ ವಸ್ತುವಿನಿಂದ ತಟಸ್ಥಗೊಳಿಸುವುದು, ಈ ಮೂರು ಹಂತಗಳು ಇದೇ ಕ್ರಮದಲ್ಲಿ ನಡೆದಾಗ ಮಾತ್ರ ಶಾಶ್ವತ ಪರಿಹಾರ ದೊರೆಯುತ್ತದೆ. ಕೆಲವು ವಾಸನೆಗಳು ಯಾಂತ್ರಿಕ ದೋಷದ ಮುನ್ಸೂಚನೆಯೂ ಆಗಿರುವುದರಿಂದ ಅವುಗಳನ್ನು ಗುರುತಿಸುವುದು ಸುರಕ್ಷತೆಯ ದೃಷ್ಟಿಯಿಂದಲೂ ಮುಖ್ಯವಾಗಿದೆ.

## ಮಂಗಳೂರಿನ ಹಿನ್ನೆಲೆ

ಮಂಗಳೂರು ಅರಬ್ಬೀ ಸಮುದ್ರದ ದಡದಲ್ಲಿ, ನೇತ್ರಾವತಿ ಮತ್ತು ಫಲ್ಗುಣಿ (ಗುರುಪುರ) ನದಿಗಳು ಸಮುದ್ರ ಸೇರುವ ಸ್ಥಳದಲ್ಲಿದೆ. ಇಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಸುರಿಯುತ್ತದೆ. ಈ ತಿಂಗಳುಗಳಲ್ಲಿ ಒದ್ದೆಯಾದ ಕೊಡೆ, ಮಳೆಯಂಗಿ ಮತ್ತು ಪಾದರಕ್ಷೆಗಳಿಂದ ಕಾರಿನೊಳಗೆ ಪ್ರತಿದಿನ ನೀರು ಸೇರುತ್ತದೆ. ಹೊರಗಿನ ಗಾಳಿಯೇ ತೇವದಿಂದ ಕೂಡಿರುವ ಕಾರಣ ಕಿಟಕಿ ತೆರೆದಿಟ್ಟರೂ ನೆಲಹಾಸು ಒಣಗುವುದಿಲ್ಲ. ಬಯಲುಸೀಮೆಯಲ್ಲಿ ಒಂದು ದಿನದ ಬಿಸಿಲಿಗೆ ಹೋಗುವ ತೇವ ಇಲ್ಲಿ ವಾರಗಟ್ಟಲೆ ಉಳಿಯಬಹುದು.

ಮೀನು ಈ ಪ್ರದೇಶದ ನಿತ್ಯಾಹಾರ. ಹಳೆ ಬಂದರಿನ ದಕ್ಕೆಯಿಂದ ಮತ್ತು ನಗರದ ಮೀನು ಮಾರುಕಟ್ಟೆಗಳಿಂದ ಬಂಗುಡೆ, ಬೂತಾಯಿ ಮೊದಲಾದ ಮೀನುಗಳನ್ನು ಮಂಜುಗಡ್ಡೆಯೊಂದಿಗೆ ಸ್ವಂತ ಕಾರುಗಳಲ್ಲಿ ಒಯ್ಯುವುದು ಸಾಮಾನ್ಯ. ಮಂಜುಗಡ್ಡೆ ಕರಗಿ ಚೀಲದಿಂದ ಸೋರುವ ನೀರು ಡಿಕ್ಕಿಯ ಹಾಸಿನೊಳಗೆ ಇಳಿಯುತ್ತದೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದಲ್ಲಿ ಒಣಮೀನಿನ ಬಳಕೆ ಹೆಚ್ಚು. ಅದರ ವಾಸನೆ ನೀರು ಸೋರದಿದ್ದರೂ ಬಟ್ಟೆಯ ಆಸನಗಳಿಗೆ ಅಂಟಿಕೊಳ್ಳುತ್ತದೆ.

## ವಾಸನೆ ಉಂಟಾಗುವ ಬಗೆ

ವಾಸನೆ ಎಂದರೆ ವಸ್ತುವಿನಿಂದ ಆವಿಯಾಗಿ ಮೂಗನ್ನು ತಲುಪುವ ಅಣುಗಳು. ತಾಪಮಾನ ಏರಿದಂತೆ ಆವಿಯಾಗುವಿಕೆ ಹೆಚ್ಚುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಭಾಗವು ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗುವುದರಿಂದ, ಬೆಳಿಗ್ಗೆ ಅರಿವಿಗೆ ಬಾರದ ವಾಸನೆ ಮಧ್ಯಾಹ್ನ ಬಾಗಿಲು ತೆರೆದೊಡನೆ ತೀವ್ರವಾಗಿ ಹೊಮ್ಮುತ್ತದೆ.

* ಮುಗ್ಗಲು ವಾಸನೆ: ಒದ್ದೆ ಬಟ್ಟೆ, ಸ್ಪಂಜು ಮತ್ತು ಧೂಳಿನಲ್ಲಿ ಬೆಳೆಯುವ ಶಿಲೀಂಧ್ರಗಳು ಮತ್ತು ಬ್ಯಾಕ್ಟೀರಿಯಾಗಳು ಆವಿಶೀಲ ಸಂಯುಕ್ತಗಳನ್ನು ಬಿಡುಗಡೆ ಮಾಡುತ್ತವೆ. ಒದ್ದೆಯಾದ ಭಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಬೆಳೆಯುವುದನ್ನು ಬಹುಮಟ್ಟಿಗೆ ತಡೆಯಬಹುದು.
* ಮೀನಿನ ವಾಸನೆ: ಸಮುದ್ರಮೀನಿನ ದೇಹದಲ್ಲಿರುವ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಮೀನು ಸತ್ತ ಬಳಿಕ ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೀನ್ ಆಗಿ ಪರಿವರ್ತಿಸುತ್ತವೆ. ಇದು ಪ್ರತ್ಯಾಮ್ಲೀಯ ವಸ್ತು.
* ಹಾಲು, ಮೊಸರು ಮತ್ತು ವಾಂತಿಯ ವಾಸನೆ: ಹಾಲಿನ ಕೊಬ್ಬು ಕೊಳೆತಾಗ ಬ್ಯೂಟಿರಿಕ್ ಆಮ್ಲ ಉಂಟಾಗುತ್ತದೆ. ವಾಂತಿಯ ವಾಸನೆಗೂ ಇದು ಒಂದು ಕಾರಣ. ಇದು ಆಮ್ಲೀಯ ವಸ್ತು.
* ತಂಬಾಕಿನ ವಾಸನೆ: ಹೊಗೆಯ ಸೂಕ್ಷ್ಮ ಕಣಗಳು ಮತ್ತು ನಿಕೋಟಿನ್ ಗಾಜು, ಮೇಲ್ಛಾವಣಿ ಹಾಗೂ ಆಸನಗಳ ಮೇಲೆ ಅಂಟಾದ ಪದರವಾಗಿ ಕುಳಿತು, ಧೂಮಪಾನ ನಿಲ್ಲಿಸಿದ ನಂತರವೂ ತಿಂಗಳುಗಟ್ಟಲೆ ವಾಸನೆ ಬಿಡುತ್ತವೆ.

## ಮೂಲದ ಪತ್ತೆ

ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಇರುವ ವ್ಯಕ್ತಿಯ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಹೀಗಾಗಿ ಪ್ರತಿದಿನ ಕಾರು ಓಡಿಸುವವರಿಗೆ ತಮ್ಮ ಕಾರಿನ ವಾಸನೆ ತಿಳಿಯದೆ ಇರಬಹುದು. ಕಾರನ್ನು ಕೆಲವು ಗಂಟೆ ಮುಚ್ಚಿಟ್ಟು, ತಾಜಾ ಗಾಳಿಯಲ್ಲಿ ಇದ್ದು ಬಂದ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವುದು ಉತ್ತಮ ವಿಧಾನ.

ಪರೀಕ್ಷೆಗೆ ಮೊದಲು ಸುಗಂಧದ ಡಬ್ಬಿ, ಹೂವು, ಬಟ್ಟೆ ಮತ್ತು ಎಲ್ಲ ಸಾಮಾನುಗಳನ್ನು ಹೊರತೆಗೆಯಬೇಕು. ಕಾರಿನ ನೆಲಹಾಸಿನ ಕೆಳಗೆ ದಪ್ಪನೆಯ ಸ್ಪಂಜು ಅಥವಾ ನಾರಿನ ಅಡಿಪದರವಿರುತ್ತದೆ. ಮೇಲ್ಮೈ ಕೈಗೆ ಒಣಗಿದಂತೆ ತೋರಿದರೂ ಅಡಿಪದರದಲ್ಲಿ ನೀರು ನಿಂತಿರಬಹುದು. ಕಾಗದದ ಕರವಸ್ತ್ರವನ್ನು ಹಾಸಿನ ಮೇಲಿಟ್ಟು ಬಲವಾಗಿ ಒತ್ತಿದರೆ ಅಡಗಿರುವ ತೇವ ಅದರಲ್ಲಿ ಕಾಣುತ್ತದೆ. ಹೆಚ್ಚುವರಿ ಚಕ್ರವನ್ನು ಇಡುವ ಡಿಕ್ಕಿಯ ಕುಳಿ, ಆಸನಗಳ ಅಡಿಭಾಗ ಮತ್ತು ಬಾಗಿಲಿನ ಕಿಸೆಗಳನ್ನು ತಪ್ಪದೆ ನೋಡಬೇಕು.

ನೀರು ಎಲ್ಲಿಂದ ಬಂತು ಎಂಬುದನ್ನು ಕಂಡುಕೊಳ್ಳದೆ ಒಣಗಿಸಿದರೆ ಮುಂದಿನ ಮಳೆಗೆ ವಾಸನೆ ಮರಳುತ್ತದೆ. ಬಾಗಿಲಿನ ಸವೆದ ರಬ್ಬರ್ ಪಟ್ಟಿ, ಮುಂದಿನ ಗಾಜಿನ ಕೆಳಗೆ ತರಗೆಲೆ ತುಂಬಿ ಕಟ್ಟಿಕೊಂಡ ನೀರಿನ ದಾರಿ ಮತ್ತು ಸನ್‌ರೂಫ್‌ನ ಮುಚ್ಚಿಹೋದ ಕೊಳವೆಗಳು ಸಾಮಾನ್ಯ ಕಾರಣಗಳು. ಮುಂಭಾಗದ ಪ್ರಯಾಣಿಕರ ಕಾಲಬಳಿಯ ಹಾಸು ಮಾತ್ರ ಒದ್ದೆಯಾಗಿದ್ದರೆ ಏರ್ ಕಂಡೀಷನರ್‌ನ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

## ನಿವಾರಣಾ ವಿಧಾನಗಳು

### ಆಮ್ಲ ಮತ್ತು ಪ್ರತ್ಯಾಮ್ಲದ ಆಯ್ಕೆ

ಮನೆಯಲ್ಲಿ ಬಳಸುವ ವಿನೆಗರ್ ಮತ್ತು ಅಡುಗೆ ಸೋಡಾ ಎರಡೂ ಉಪಯುಕ್ತವಾಗಿವೆ. ಆದರೆ ಅವು ಬೇರೆ ಬೇರೆ ವಾಸನೆಗಳಿಗೆ ಸಲ್ಲುತ್ತವೆ. ಮೀನಿನ ವಾಸನೆಯ ಟ್ರೈಮೀಥೈಲಮೀನ್ ಆಮ್ಲದೊಂದಿಗೆ ಸೇರಿ ಆವಿಯಾಗದ ಲವಣವಾಗುತ್ತದೆ. ಮೀನು ಶುಚಿಗೊಳಿಸಿದ ಕೈಗೆ ನಿಂಬೆ ಅಥವಾ ಹುಣಸೆಹುಳಿ ಉಜ್ಜಿಕೊಳ್ಳುವ ರೂಢಿಯ ಹಿಂದಿರುವುದು ಇದೇ ತತ್ತ್ವ. ಕಾರಿನಲ್ಲಿ ಕಲೆಯಾಗದಂತೆ ಬಣ್ಣವಿಲ್ಲದ ವಿನೆಗರ್‌ಗೆ ಸಮಪ್ರಮಾಣದ ನೀರು ಬೆರೆಸಿ ಬಳಸಲಾಗುತ್ತದೆ. ಹಾಲು ಮತ್ತು ವಾಂತಿಯ ಆಮ್ಲೀಯ ವಾಸನೆಗೆ ಅಡುಗೆ ಸೋಡಾ ಸೂಕ್ತ. ಎರಡನ್ನೂ ಒಟ್ಟಿಗೆ ಬೆರೆಸಿದರೆ ನೊರೆ ಬರುತ್ತದೆ, ಆದರೆ ಅವು ಪರಸ್ಪರ ತಟಸ್ಥಗೊಂಡು ವಾಸನೆಯ ಮೇಲೆ ಪರಿಣಾಮ ಬೀರದೆ ಹೋಗುತ್ತವೆ.

ಯಾವುದೇ ದ್ರವವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು. ಚೆಲ್ಲಿದ ವಸ್ತುವನ್ನು ಉಜ್ಜದೆ, ಒಣಬಟ್ಟೆಯಿಂದ ಒತ್ತಿ ಹೀರಿಸಬೇಕು. ಹಾಲು, ರಕ್ತ ಮತ್ತು ಮೀನಿನ ನೀರಿನಲ್ಲಿ ಪ್ರೋಟೀನು ಇರುವುದರಿಂದ ಬಿಸಿನೀರಿನ ಬದಲು ತಣ್ಣೀರನ್ನು ಬಳಸಬೇಕು, ಬಿಸಿಗೆ ಪ್ರೋಟೀನು ಗಟ್ಟಿಯಾಗಿ ನೂಲಿನಲ್ಲಿ ಕಚ್ಚಿಕೊಳ್ಳುತ್ತದೆ. ಅಡಿಪದರಕ್ಕೆ ಇಳಿದ ಕೊಳೆಗೆ ಪ್ರೋಟೀನು ಮತ್ತು ಕೊಬ್ಬನ್ನು ಒಡೆಯುವ ಕಿಣ್ವಗಳಿರುವ ಶುದ್ಧೀಕಾರಕಗಳು ಹೆಚ್ಚು ಪರಿಣಾಮಕಾರಿ. ಅವು ಕೆಲಸ ಮಾಡಲು ಕೆಲವು ಗಂಟೆಗಳ ಸಮಯ ಬೇಕು. ಅಡುಗೆ ಸೋಡಾವನ್ನು ಒಣಗಿದ ಹಾಸಿನ ಮೇಲೆ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯಲಾಗುತ್ತದೆ.

### ಮಳೆಗಾಲದಲ್ಲಿ ಒಣಗಿಸುವುದು

ಏರ್ ಕಂಡೀಷನರ್ ಗಾಳಿಯನ್ನು ತಣಿಸುವಾಗ ಅದರಲ್ಲಿರುವ ತೇವವನ್ನು ನೀರಾಗಿಸಿ ಹೊರಹಾಕುತ್ತದೆ. ಆದುದರಿಂದ ಮಳೆಯ ದಿನಗಳಲ್ಲಿ ಕಿಟಕಿ ತೆರೆದಿಡುವುದಕ್ಕಿಂತ, ಗಾಜು ಮುಚ್ಚಿ ಏರ್ ಕಂಡೀಷನರ್ ಚಾಲನೆಯಲ್ಲಿಟ್ಟು, ತಾಪಮಾನದ ಗುಂಡಿಯನ್ನು ಬೆಚ್ಚಗಿನ ಕಡೆಗೆ ತಿರುಗಿಸಿ ಓಡಿಸುವುದು ಹೆಚ್ಚು ಫಲಕಾರಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲನೆಯಲ್ಲಿಟ್ಟು ಒಣಗಿಸುವುದು ಪ್ರಾಣಾಪಾಯಕಾರಿ, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ವಾಸನೆಯೂ ಇಲ್ಲ. ಅಂತಹ ಸ್ಥಳದಲ್ಲಿ ಎಂಜಿನ್ ನಿಲ್ಲಿಸಿ, ಹಾಸನ್ನು ಎತ್ತಿ ಹಿಡಿದು ಫ್ಯಾನಿನ ಗಾಳಿ ಹಾಯಿಸಬಹುದು.

ಬೂಷ್ಟು ಕಟ್ಟಿದ ಭಾಗವನ್ನು ಒಣ ಕುಂಚದಿಂದ ಉಜ್ಜಿದರೆ ಬೀಜಕಣಗಳು ಗಾಳಿಯಲ್ಲಿ ಹರಡುತ್ತವೆ. ಮುಖಗವಸು ಮತ್ತು ಕೈಗವಸು ಧರಿಸಿ, ತೇವವಾದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬೂಷ್ಟು ಆಳಕ್ಕೆ ಇಳಿದ ಸ್ಪಂಜನ್ನು ತೊಳೆಯುವುದಕ್ಕಿಂತ ಬದಲಾಯಿಸುವುದೇ ಸೂಕ್ತ. ಉಬ್ಬಸ ಇರುವವರು ಈ ಕೆಲಸದಿಂದ ದೂರವಿರುವುದು ಒಳ್ಳೆಯದು.

### ಹವಾನಿಯಂತ್ರಣ ವ್ಯವಸ್ಥೆ

ಏರ್ ಕಂಡೀಷನರ್ ಹಾಕಿದೊಡನೆ ಮಾತ್ರ ಮುಗ್ಗಲು ವಾಸನೆ ಬಂದು ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾದರೆ ಅದರ ಮೂಲ ತಣ್ಣಗಾಗುವ ಸುರುಳಿಯಲ್ಲಿ ಅಥವಾ ಕ್ಯಾಬಿನ್ ಫಿಲ್ಟರಿನಲ್ಲಿರುತ್ತದೆ. ಸುರುಳಿಯ ಮೇಲೆ ಸದಾ ನೀರು ಮತ್ತು ಧೂಳು ಸೇರುವುದರಿಂದ ಅಲ್ಲಿ ಸೂಕ್ಷ್ಮಜೀವಿಗಳ ಪದರ ಬೆಳೆಯುತ್ತದೆ. ಕ್ಯಾಬಿನ್ ಫಿಲ್ಟರ್ ಬದಲಾವಣೆ, ಸುರುಳಿಗೆ ಮೀಸಲಾದ ನೊರೆ ಶುದ್ಧೀಕಾರಕದ ಬಳಕೆ ಮತ್ತು ನೀರಿನ ಕೊಳವೆಯ ಶುದ್ಧಿ ಇದಕ್ಕೆ ಪರಿಹಾರ. ಗಮ್ಯಸ್ಥಾನ ತಲುಪುವ ಕೆಲವು ನಿಮಿಷ ಮೊದಲು ತಂಪು ನಿಲ್ಲಿಸಿ ಬ್ಲೋವರ್ ಮಾತ್ರ ಚಾಲನೆಯಲ್ಲಿಟ್ಟರೆ ಸುರುಳಿಯ ಮೇಲಿನ ನೀರು ಕಡಿಮೆಯಾಗಿ ವಾಸನೆ ಮರಳುವುದು ತಡವಾಗುತ್ತದೆ.

### ಹೀರಿಕೆಯ ವಸ್ತುಗಳು

ತೆಂಗಿನ ಚಿಪ್ಪಿನಿಂದ ತಯಾರಾಗುವ ಸಕ್ರಿಯ ಇಂಗಾಲವು ಅಸಂಖ್ಯ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಅದರ ಒಂದು ಗ್ರಾಂನ ಒಳಮೇಲ್ಮೈ 500 ಚದರ ಮೀಟರಿಗೂ ಹೆಚ್ಚಿರುತ್ತದೆ. ಈ ಮೇಲ್ಮೈಗೆ ವಾಸನೆಯ ಅಣುಗಳು ಅಂಟಿಕೊಳ್ಳುತ್ತವೆ. ಒಲೆಯ ಸಾಮಾನ್ಯ ಇದ್ದಿಲಿಗೆ ಈ ಸಾಮರ್ಥ್ಯ ಬಹಳ ಕಡಿಮೆ. ತೀರ ತೇವದ ಗಾಳಿಯಲ್ಲಿ ನೀರೇ ರಂಧ್ರಗಳನ್ನು ಆವರಿಸುವುದರಿಂದ ಒಣಗಿಸಿದ ನಂತರವೇ ಇದನ್ನು ಬಳಸಬೇಕು. ಕರ್ಪೂರ, ಕಾಫಿಪುಡಿ ಮತ್ತು ಕರಾವಳಿಯ ಕಾರುಗಳಲ್ಲಿ ದೇವರ ಚಿತ್ರಕ್ಕೆ ಮುಡಿಸುವ ಮಲ್ಲಿಗೆ ಮುಖ್ಯವಾಗಿ ಇತರ ವಾಸನೆಯನ್ನು ಮರೆಮಾಡುತ್ತವೆ. ಬಾಡಿದ ಹೂವನ್ನು ತೆಗೆಯದಿದ್ದರೆ ಅದೇ ಕೊಳೆತು ವಾಸನೆ ಬೀರುತ್ತದೆ.

## ನೆರೆನೀರು ಹೊಕ್ಕ ಕಾರುಗಳು

2018ರ ಮೇ 29ರಂದು ಸುರಿದ ಭಾರೀ ಮಳೆಗೆ ಮಂಗಳೂರಿನ ಅನೇಕ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಕೊಟ್ಟಾರ ಚೌಕಿ, ಪಂಪ್‌ವೆಲ್ ಮೊದಲಾದ ಕಡೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಲ್ಲುವುದುಂಟು. ಇಂತಹ ನೀರಿನಲ್ಲಿ ಚರಂಡಿಯ ಕೊಳೆಯೂ ಸೇರಿರುವ ಕಾರಣ, ಒಳಗೆ ನೀರು ಹೊಕ್ಕ ಕಾರಿನ ವಾಸನೆ ಕೇವಲ ತೇವದ ವಾಸನೆಯಲ್ಲ. ಎಂಜಿನ್‌ಗೆ ನೀರು ಹೋಗಿರುವ ಸಂಶಯವಿದ್ದರೆ ಅದನ್ನು ಚಾಲನೆ ಮಾಡಬಾರದು. ಶುಚಿಗೊಳಿಸುವ ಮೊದಲು ನೀರಿನ ಮಟ್ಟದ ಗುರುತು ಕಾಣುವಂತೆ ಛಾಯಾಚಿತ್ರ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು. ಮೂರನೇ ವ್ಯಕ್ತಿಯ ಹಾನಿಗೆ ಮಾತ್ರ ಸೀಮಿತವಾದ ವಿಮೆಯಲ್ಲಿ ಸ್ವಂತ ವಾಹನದ ನೆರೆಹಾನಿಗೆ ಪರಿಹಾರ ಸಿಗುವುದಿಲ್ಲ. ಒಳಗಿನ ಆಸನಗಳನ್ನು ಬಿಚ್ಚಿ, ಹಾಸು ಮತ್ತು ಅಡಿಪದರವನ್ನು ಹೊರತೆಗೆದು ತೊಳೆಯುವುದು ಅಥವಾ ಬದಲಾಯಿಸುವುದು ಅಗತ್ಯ. ಹಳೆಯ ಕಾರು ಕೊಳ್ಳುವಾಗ ಅತಿಯಾದ ಸುಗಂಧ, ಆಸನಪಟ್ಟಿಯನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ ಮತ್ತು ಆಸನದ ಕಂಬಿಗಳ ತುಕ್ಕು ನೆರೆಗೆ ಸಿಲುಕಿದ ವಾಹನದ ಲಕ್ಷಣಗಳಾಗಿರಬಹುದು.

## ಸತ್ತ ಇಲಿ

ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಭಾಗವನ್ನು ಮತ್ತು ಬ್ಲೋವರಿನ ಪೆಟ್ಟಿಗೆಯನ್ನು ಸೇರಿಕೊಳ್ಳುತ್ತವೆ. ದಿನದಿಂದ ದಿನಕ್ಕೆ ಏರುವ ಕೊಳೆತ ವಾಸನೆ ಇದರ ಲಕ್ಷಣ. ಇಲಿಯ ಮೂತ್ರದ ಮೂಲಕ ಇಲಿಜ್ವರ ಹರಡುವುದರಿಂದ, ಕೈಗವಸು ಧರಿಸಿ ಕಳೇಬರವನ್ನು ತೆಗೆದು, ಆ ಭಾಗವನ್ನು ಸೋಂಕುನಿವಾರಕದಿಂದ ಒರೆಸಿ, ಕ್ಯಾಬಿನ್ ಫಿಲ್ಟರ್ ಬದಲಾಯಿಸಬೇಕು. ಇಲಿ ಕಡಿದ ತಂತಿಗಳು ಬೆಂಕಿಗೆ ಕಾರಣವಾಗಬಹುದಾದುದರಿಂದ ಅವುಗಳ ತಪಾಸಣೆಯೂ ಅಗತ್ಯ.

## ಅಪಾಯಕಾರಿ ವಿಧಾನಗಳು

* ಬ್ಲೀಚಿಂಗ್ ದ್ರಾವಣವನ್ನು ವಿನೆಗರ್ ಅಥವಾ ಇತರ ಆಮ್ಲದೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅಮೋನಿಯಾದೊಂದಿಗೆ ಬೆರೆಸಿದರೆ ಕ್ಲೋರಮೀನ್ ಅನಿಲ ಉಂಟಾಗುತ್ತದೆ.
* ಓಝೋನ್ ಯಂತ್ರಗಳು ಕೆಲವು ವಾಸನೆಗಳನ್ನು ಕಡಿಮೆ ಮಾಡಿದರೂ ಓಝೋನ್ ಶ್ವಾಸಕೋಶಕ್ಕೆ ಹಾನಿಕರ ಮತ್ತು ರಬ್ಬರನ್ನು ಬಿರುಕುಗೊಳಿಸುತ್ತದೆ. ಯಂತ್ರ ನಡೆಯುವಾಗ ಕಾರಿನೊಳಗೆ ಮನುಷ್ಯರಾಗಲಿ ಪ್ರಾಣಿಗಳಾಗಲಿ ಇರಬಾರದು. ನಂತರ ಬಾಗಿಲುಗಳನ್ನು ತೆರೆದು ಚೆನ್ನಾಗಿ ಗಾಳಿಯಾಡಿಸಬೇಕು. ತೇವದ ಮೂಲವನ್ನು ಇದು ತೆಗೆಯುವುದಿಲ್ಲ.
* ನ್ಯಾಫ್ತಲೀನ್ ನುಸಿಗುಳಿಗೆಗಳನ್ನು ಕಾರಿನಲ್ಲಿ ಇಡಬಾರದು. ಅವುಗಳ ಆವಿ ತಲೆನೋವು ಉಂಟುಮಾಡಬಹುದು, ಜಿ6ಪಿಡಿ ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳ ನಾಶಕ್ಕೂ ಕಾರಣವಾಗಬಹುದು.
* ಒತ್ತಡದ ಸುಗಂಧ ಡಬ್ಬಿಗಳನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಸಿಡಿಯುವ ಅಪಾಯವಿದೆ.

## ಯಾಂತ್ರಿಕ ದೋಷ ಸೂಚಿಸುವ ವಾಸನೆಗಳು

ಈ ಕೆಳಗಿನ ವಾಸನೆಗಳನ್ನು ಶುಚಿಗೊಳಿಸುವಿಕೆಯಿಂದ ನಿವಾರಿಸಲು ಯತ್ನಿಸದೆ, ವಾಹನವನ್ನು ಮೆಕ್ಯಾನಿಕ್ ಬಳಿ ಪರೀಕ್ಷಿಸಬೇಕು.

* ಪೆಟ್ರೋಲ್ ವಾಸನೆ: ಇಂಧನ ಸೋರಿಕೆ. ಎಂಜಿನ್ ನಿಲ್ಲಿಸಿ ಎಲ್ಲರೂ ಕಾರಿನಿಂದ ದೂರ ಸರಿಯಬೇಕು.
* ಸುಟ್ಟ ಪ್ಲಾಸ್ಟಿಕ್ ವಾಸನೆ: ವಿದ್ಯುತ್ ತಂತಿಗಳ ದೋಷ.
* ಸಿಹಿ ವಾಸನೆ: ಕೂಲೆಂಟ್ ಸೋರಿಕೆ. ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ.
* ಕೊಳೆತ ಮೊಟ್ಟೆಯ ವಾಸನೆ: ಕ್ಯಾಟಲಿಟಿಕ್ ಕನ್ವರ್ಟರ್ ದೋಷ ಅಥವಾ ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿ.
* ಹೊಗೆಕೊಳವೆಯ ವಾಸನೆ: ಹೊಗೆ ಒಳಸೇರುತ್ತಿದ್ದರೆ ಅದರೊಂದಿಗೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರಿರುತ್ತದೆ.

## ಮುನ್ನೆಚ್ಚರಿಕೆ

ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಬಿಸಿಲಿನಲ್ಲಿ ಹಾಸುಗಳನ್ನು ತೊಳೆದು ಒಣಗಿಸುವುದು, ರಬ್ಬರ್ ಪಟ್ಟಿ ಹಾಗೂ ನೀರಿನ ಕೊಳವೆಗಳನ್ನು ಪರೀಕ್ಷಿಸುವುದು ಅನುಕೂಲಕರ. ಮಳೆಗಾಲದಲ್ಲಿ ಬಟ್ಟೆಯ ಹಾಸಿನ ಮೇಲೆ ಅಂಚು ಎತ್ತರವಿರುವ ರಬ್ಬರ್ ಹಾಸು ಬಳಸಿ, ಅದರಲ್ಲಿ ನಿಂತ ನೀರನ್ನು ಪ್ರತಿದಿನ ಚೆಲ್ಲಬೇಕು. ಒದ್ದೆ ಕೊಡೆಗೆ ಮುಚ್ಚಳವಿರುವ ಡಬ್ಬಿ ಉಪಯುಕ್ತ. ಮೀನನ್ನು ಮುಚ್ಚಳ ಬಿಗಿಯಾಗಿರುವ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಅದರಡಿಯಲ್ಲಿ ಅಂಚಿರುವ ತಟ್ಟೆ ಇರಿಸಿ ಒಯ್ದರೆ, ಮಂಜುಗಡ್ಡೆ ಕರಗಿದರೂ ನೀರು ಹಾಸಿಗೆ ಇಳಿಯುವುದಿಲ್ಲ.