ಸಾಲದ ಕಾಗದ ಮತ್ತು ಹೆಬ್ಬೆಟ್ಟಿನ ಗುರುತು



ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ನೀವೆಲ್ಲರೂ ಬಾಯಿಪಾಠ ಮಾಡಿದವರೇ. ಸಾಲ ಪಡೆಯುವಾಗಿನ ಸುಖವನ್ನೂ ಕೊಟ್ಟವನು ಬಂದು ಕೇಳುವಾಗಿನ ಸಂಕಟವನ್ನೂ ಅದು ಮೂರೇ ಸಾಲುಗಳಲ್ಲಿ ಹೇಳುತ್ತದೆ. ಆದರೆ ಆ ಸುಖ ಸಂಕಟಗಳ ನಡುವೆ ಒಂದು ಕಾಗದವಿರುತ್ತದೆ. ಅದರಲ್ಲಿ ಏನು ಬರೆದಿದೆ, ಅದನ್ನು ಯಾರು ಬರೆದರು, ಯಾರು ಓದಬಲ್ಲರು ಎಂಬ ಪ್ರಶ್ನೆಗಳ ಮೇಲೆ ನಮ್ಮ ನಾಡಿನ ಎಷ್ಟೋ ಮನೆತನಗಳ ಹಣೆಬರಹ ನಿಂತಿತ್ತು. ನಾನು ತರಗತಿಯಲ್ಲಿ ಕಲಿಸಿದ ಇತಿಹಾಸದಲ್ಲಿ ರಾಜರಿದ್ದರು, ಯುದ್ಧಗಳಿದ್ದವು, ಸಾಲವಿರಲಿಲ್ಲ. ಆದ್ದರಿಂದ ಹಳ್ಳಿಯವರು ಕಳೆದ ಒಂದೂವರೆ ಶತಮಾನದಲ್ಲಿ ಎಲ್ಲಿ, ಯಾರಿಂದ, ಹೇಗೆ ಸಾಲ ಪಡೆದರು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳ್ಳಿಯಲ್ಲಿ ಸಾಲಕ್ಕೆ ಹಲವು ಮುಖಗಳಿದ್ದವು. ಮೊದಲನೆಯದು ಕೈಗಡ. ನೆರೆಯವರಿಂದ, ಬೀಗರಿಂದ ನಾಲ್ಕು ದಿನಕ್ಕೆಂದು ತಂದು ಮರಳಿಸುವ ಹಣವದು. ಅದಕ್ಕೆ ಬಡ್ಡಿಯಿಲ್ಲ, ಕಾಗದವಿಲ್ಲ, ಮಾತೇ ಆಧಾರ. ಎರಡನೆಯದು ಕಾಳಿನ ಸಾಲ. ಬಿತ್ತನೆಯ ಕಾಲಕ್ಕೆ ಒಂದು ಚೀಲ ಜೋಳ ತಂದವನು ಸುಗ್ಗಿಯಲ್ಲಿ ಒಂದೂಕಾಲು ಚೀಲವನ್ನೋ ಒಂದೂವರೆ ಚೀಲವನ್ನೋ ಅಳೆದು ಕೊಡಬೇಕಿತ್ತು. ಒಡವೆಯನ್ನೋ ಪಾತ್ರೆಯನ್ನೋ ಅಡವಿಟ್ಟು ತರುವ ಸಾಲ ಇನ್ನೊಂದು. ಭೋಗ್ಯದ ರೀತಿ ಬೇರೆ: ಬಡ್ಡಿಯ ಬದಲಿಗೆ ಸಾಲ ಕೊಟ್ಟವನೇ ಹೊಲವನ್ನು ಉಣ್ಣುತ್ತಿದ್ದ; ಅಸಲು ತೀರುವವರೆಗೆ ಒಡೆಯ ತನ್ನ ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಹತ್ತಾರು ಜನ ಸೇರಿ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ ಚೀಟಿಯೂ ಇತ್ತು. ಇವೆಲ್ಲಕ್ಕೂ ಮೀರಿದ ಅಗತ್ಯ ಬಂದಾಗ ಜನ ಸಾವಕಾರನ ಪಡಸಾಲೆಗೆ ಹೋಗುತ್ತಿದ್ದರು.

ಸಾವಕಾರನನ್ನು ಕೇವಲ ರಕ್ತಹೀರುವವನೆಂದು ಚಿತ್ರಿಸುವುದು ಸುಲಭ. ಆದರೆ ಅದು ಅರ್ಧ ಸತ್ಯ. ಮಳೆ ಬಾರದ ವರ್ಷ ಕಂದಾಯ ಕಟ್ಟಲು, ಸತ್ತ ಎತ್ತಿನ ಬದಲು ಇನ್ನೊಂದನ್ನು ಕೊಳ್ಳಲು, ಮಗಳ ಮದುವೆ ಮಾಡಲು ಹಣ ಕೊಡುವವನು ಊರಿನಲ್ಲಿ ಅವನೊಬ್ಬನೇ ಇದ್ದ. ನಡುರಾತ್ರಿ ಬಾಗಿಲು ಬಡಿದರೂ ಅವನು ಎದ್ದು ಬರುತ್ತಿದ್ದ. ಅವನ ನಿಜವಾದ ಬಂಡವಾಳ ಪೆಟ್ಟಿಗೆಯೊಳಗಿನ ನಾಣ್ಯವಷ್ಟೇ ಆಗಿರಲಿಲ್ಲ. ಯಾರ ಹೊಲ ಎರೆ, ಯಾರದು ಮಸಾರಿ, ಯಾರ ಮಗ ದುಡಿಯುವವನು, ಯಾರ ಮನೆಯಲ್ಲಿ ಕುಡಿತವಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಆದರೆ ಈ ತಿಳಿವು ಒಮ್ಮುಖದ್ದು. ಅವನಿಗೆ ರೈತನ ಮನೆಯ ಒಳಗೆಲ್ಲ ತಿಳಿದಿತ್ತು. ರೈತನಿಗೆ ಅವನ ಖಾತೆ ಕಿರ್ದಿಯ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅನ್ಯಾಯ ಹುಟ್ಟಿದ್ದು ಇಲ್ಲಿಯೇ.

ಒಂದು ಲೆಕ್ಕ ನೋಡೋಣ. ಏಳನೆಯ ತರಗತಿಯವರಿಗೆ ಕಠಿಣವಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 100 ರೂಪಾಯಿ ಸಾಲ. ಏನೂ ತೀರಿಸದಿದ್ದರೆ ಮೂರು ವರ್ಷಕ್ಕೆ ಬಡ್ಡಿ 72 ರೂಪಾಯಿ. ಆಗ ಹಳೆಯ ಪತ್ರ ಹರಿದು 172 ರೂಪಾಯಿಯನ್ನೇ ಅಸಲೆಂದು ಹೊಸ ಪತ್ರ ಬರೆದರೆ, ಇನ್ನು ಮೂರು ವರ್ಷಕ್ಕೆ ಅದು ಸುಮಾರು 296 ಆಗುತ್ತದೆ. ಮತ್ತೊಮ್ಮೆ ಪತ್ರ ಬದಲಿಸಿದರೆ ಒಂಬತ್ತನೆಯ ವರ್ಷದ ಕೊನೆಗೆ ಸುಮಾರು 509. ಸರಳ ಬಡ್ಡಿಯಲ್ಲಿ 316 ಆಗಬೇಕಾದುದು ಕಾಗದ ಬದಲಿಸಿದ ಮಾತ್ರಕ್ಕೆ 509 ಆಯಿತು. ನಮ್ಮ ಹಿರಿಯರಲ್ಲಿ ದಾಮದುಪ್ಪಟ್ ಎಂಬ ಹಳೆಯ ಧರ್ಮಶಾಸ್ತ್ರದ ಕಟ್ಟಳೆಯಿತ್ತು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂದು ಅದರ ಅರ್ಥ. ಆದರೆ ಬಡ್ಡಿಯೇ ಹೊಸ ಪತ್ರದಲ್ಲಿ ಅಸಲೆಂಬ ಹೆಸರು ಪಡೆದ ಮೇಲೆ ಕಟ್ಟಳೆ ಅದನ್ನು ತಡೆಯಲಾರದಾಯಿತು.

ವಿಪರ್ಯಾಸವೆಂದರೆ, ಮೂರು ವರ್ಷಕ್ಕೊಮ್ಮೆ ಪತ್ರ ಬದಲಿಸುವ ಈ ಪದ್ಧತಿ ಬಲಗೊಂಡದ್ದು ರೈತನಿಗೆ ಒಳಿತಾಗಲೆಂದು ತಂದ ಕಾನೂನಿನಿಂದ. ಬಡ್ಡಿ ಬೆಳೆಯುತ್ತ ಹೋಗಬಾರದೆಂದು ಬ್ರಿಟಿಷ್ ಸರಕಾರ 1859ರಲ್ಲಿ ಸಾಲಪತ್ರಕ್ಕೆ ಮೂರು ವರ್ಷಗಳ ಕಾಲಮಿತಿ ವಿಧಿಸಿತು. ಅವಧಿ ಮುಗಿಯುವುದರೊಳಗೆ ಸಾಲಗಾರನನ್ನು ಕರೆಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಆಗ ರೂಢಿಯಾಯಿತು. ಅದೇ ಕಾಲಕ್ಕೆ ಅಮೆರಿಕದ ಅಂತರ್ಯುದ್ಧ (1861–65) ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂದಿತು. ನಮ್ಮ ಧಾರವಾಡ, ಗದಗ ಸೀಮೆಯ ಎರೆಹೊಲಗಳ ಹತ್ತಿಯೂ ಆ ಪೇಟೆಯಲ್ಲಿ ಹೆಸರು ಮಾಡಿದ್ದೇ. ಬೆಲೆಯಿದ್ದಾಗ ಸಾವಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿದು ಬೆಲೆ ಕುಸಿದಾಗ ಸಾಲ ನಿಂತಿತು, ವಸೂಲಿ ಆರಂಭವಾಯಿತು; ಅದೇ ಹೊತ್ತಿಗೆ ದಖ್ಖನ್ನಿನ ಜಿಲ್ಲೆಗಳಲ್ಲಿ ಭೂಕಂದಾಯವನ್ನೂ ಏರಿಸಲಾಯಿತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಲ ಹಳ್ಳಿಗಳ ರೈತರು ಸೇರಿ ಸಾವಕಾರರ ಅಂಗಡಿ ಮನೆಗಳ ಮೇಲೆ ಬಿದ್ದರು. ಇದೇ ದಖ್ಖನ್ ದಂಗೆ. ಅಹಮದನಗರ ಜಿಲ್ಲೆಗೂ ಹಬ್ಬಿತು. ಧಾನ್ಯದ ಅಂಗಡಿಗಳ ಲೂಟಿಯಾಯಿತು, ಕೆಲವು ಮನೆಗಳು ಉರಿದವು. ಆದರೆ ಅವರ ಮುಖ್ಯ ಗುರಿ ಸಾಲಪತ್ರಗಳು ಮತ್ತು ಲೆಕ್ಕದ ಪುಸ್ತಕಗಳು. ಅವುಗಳನ್ನು ಕಿತ್ತುಕೊಂಡು ಬೀದಿಯಲ್ಲಿ ಸುಟ್ಟರು. ಪ್ರಾಣಹಾನಿ ಮಾಡುವ ಉದ್ದೇಶ ಅವರಿಗೆ ಬಹುಮಟ್ಟಿಗೆ ಇರಲಿಲ್ಲ. ತಾವು ಓದಲಾರದ ಕಾಗದಕ್ಕೆ ಅವರಿಗೆ ತಿಳಿದಿದ್ದ ಉತ್ತರ ಬೆಂಕಿಯೊಂದೇ.

ಸರಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದು ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಅನ್ವಯವಾಯಿತು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದನ್ನು ಅದು ನಿಲ್ಲಿಸಿತು. ಪತ್ರದ ಹಿಂದಿನ ನಿಜವಾದ ವ್ಯವಹಾರವೇನೆಂದು ಬಗೆದು ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ನನಗೆ ಮಹತ್ವದ್ದಾಗಿ ಕಾಣುವುದು ಅದರ ಬೇರೊಂದು ಭಾಗ. ಸಾಲಪತ್ರವನ್ನು ಗ್ರಾಮದ ನೋಂದಣಿಗಾರನ ಮುಂದೆಯೇ ಬರೆಯಬೇಕು, ಹಣ ಕಟ್ಟಿದರೆ ರಸೀತಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ಬಯಸಿದರೆ ಪಾಸುಪುಸ್ತಕ ಬರೆದುಕೊಡಬೇಕು ಎಂದು ಅದು ವಿಧಿಸಿತು. ತನ್ನ ಲೆಕ್ಕವನ್ನು ತಾನು ನೋಡುವ ಹಕ್ಕು ರೈತನಿಗಿದೆಯೆಂಬುದು ಅಂದು ಕಾನೂನಿನ ಬರಹವಾಯಿತು. ಆದರೆ ಓದಲು ಬಾರದವನಿಗೆ ಪಾಸುಪುಸ್ತಕದಿಂದ ಏನು ಪ್ರಯೋಜನ? ಅಲ್ಲದೆ ಕಾಯಿದೆ ಸಾವಕಾರನಿಗೆ ಕಡಿವಾಣ ಹಾಕಿತೇ ಹೊರತು ಅವನ ಬದಲಿಗೆ ಸಾಲ ಕೊಡುವ ಇನ್ನೊಂದು ಮನೆಯನ್ನು ಕಟ್ಟಲಿಲ್ಲ.

ಆ ಇನ್ನೊಂದು ಮನೆಯ ನಕ್ಷೆ ಬಂದದ್ದು ಜರ್ಮನಿಯಿಂದ. ಅಲ್ಲಿ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬಾತ 1864ರಲ್ಲಿ ಹೆಡೆಸ್ಡಾರ್ಫ್ ಎಂಬಲ್ಲಿ ರೈತರ ಸಾಲ ಸಂಘವನ್ನು ಸ್ಥಾಪಿಸಿದ್ದನು. ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ ಇಂಥ ಸಂಘಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಬರೆದರು. ಭಾರತದ ಹಳ್ಳಿಗಳಿಗೂ ಅಂಥ ಒಬ್ಬ ರೈಫೈಸೆನ್ ಬೇಕೆಂಬುದು ಅದರ ಸಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಹತ್ತು ಜನ ಸೇರಿದರೆ ಸಂಘ ಕಟ್ಟಬಹುದಿತ್ತು. ಗ್ರಾಮೀಣ ಸಂಘವಾದರೆ ಸಾಮಾನ್ಯವಾಗಿ ಹೊಣೆ ಅಪರಿಮಿತ, ಅಂದರೆ ಸಂಘದ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯ ಮಟ್ಟಿಗೆ ಬಾಧ್ಯರು. ಸಾವಕಾರನೊಬ್ಬನಲ್ಲಿದ್ದ ತಿಳಿವನ್ನು ಊರವರೆಲ್ಲರ ಕೈಗೆ ಕೊಡುವ ಉಪಾಯವಿದು. ನೆರೆಯವನ ಹೊಲ, ನಡತೆ, ಅಗತ್ಯಗಳನ್ನು ನೆರೆಯವರಿಗಿಂತ ಚೆನ್ನಾಗಿ ಬಲ್ಲವರಾರು? ‘ಪತ್ತು’ ಎಂಬ ನಮ್ಮ ಕಡೆಯ ಮಾತನ್ನು ಗಮನಿಸಿರಿ. ಅದು ಮರಾಠಿಯ ‘ಪತ’ದ ನಂಟಿನದು, ನಂಬಿಕೆ, ಮರ್ಯಾದೆ ಎಂಬ ಅರ್ಥ ಅದರೊಳಗಿದೆ.

ಕಾಯಿದೆ ಬಂದ ಮರುವರ್ಷವೇ, 1905ರ ಮೇ 8ರಂದು, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಅದರ ಮುಂದಾಳು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಕೀರ್ತಿ ಈ ಹಳ್ಳಿಗೆ ಸಂದಿದೆ. ಅತ್ತ ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರನ್ನು ಕೇಂದ್ರವಾಗಿಟ್ಟುಕೊಂಡು ಊರೂರಲ್ಲಿ ಸಹಕಾರ ತತ್ತ್ವವನ್ನು ಬಿತ್ತಿದರು. ಅಲ್ಲಿಯ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿಯೇ ಹುಟ್ಟಿತು.

ಇಷ್ಟಾದರೂ ಸಾವಕಾರ ಮರೆಯಾಗಲಿಲ್ಲ. ರಿಸರ್ವ್ ಬ್ಯಾಂಕು ನೇಮಿಸಿದ ಗೋರ್ವಾಲಾ ಸಮಿತಿ 1951–52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಾಗ ತಿಳಿದದ್ದೇನು? ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು. ಲೇವಾದೇವಿಯವರ ಪಾಲು ಶೇಕಡಾ 70ರ ಹತ್ತಿರ! ಐವತ್ತು ವರ್ಷಗಳ ಚಳವಳಿಯ ಫಲ ಇಷ್ಟು. ಸಂಘ ಕೊಡುತ್ತಿದ್ದುದು ಬೀಜ ಗೊಬ್ಬರಕ್ಕೆ, ಅದೂ ಹೊಲವಿದ್ದವರಿಗೆ. ಮನೆಯಲ್ಲಿ ಕಾಯಿಲೆಯಾದರೆ, ಮದುವೆ ಬಂದರೆ, ಹೊಲವೇ ಇಲ್ಲದ ಕೂಲಿಯವನಿಗೆ ಹಸಿವಾದರೆ ಹೋಗಬೇಕಾದ ಬಾಗಿಲು ಹಳೆಯದೇ.

ನಾನು ಮಾಸ್ತರನಾಗಿ ಹಳ್ಳಿಗೆ ಹೋದ ಮೊದಲ ವರ್ಷಗಳಲ್ಲಿ ಸಂಜೆಯ ಹೊತ್ತು ಯಾರಾದರೊಬ್ಬರು ಧೋತರದ ಚುಂಗಿನಲ್ಲಿ ಮಡಚಿಟ್ಟ ಕಾಗದವನ್ನು ಬಿಚ್ಚಿ, “ಮಾಸ್ತರ, ಇದರಾಗ ಏನ ಬರದೈತಿ ಒಂಚೂರು ಓದಿ ಹೇಳ್ರಿ” ಎಂದು ಮುಂದೆ ಕೂರುತ್ತಿದ್ದರು. ಹೆಬ್ಬೆಟ್ಟು ಒತ್ತಿ ವರ್ಷಗಳೇ ಆಗಿರುತ್ತಿದ್ದವು. ಒತ್ತಿದ್ದು ಯಾವುದಕ್ಕೆಂದು ತಿಳಿಯುತ್ತಿದ್ದುದು ಆಗ. ಒಬ್ಬ ಮುದುಕರು ತಾವು ತಂದದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ಕೇಳಿ, ಕಾಗದವನ್ನು ಮೊದಲಿನಂತೆಯೇ ಮಡಚಿಟ್ಟುಕೊಂಡು ಒಂದು ಮಾತೂ ಆಡದೆ ಎದ್ದುಹೋದರು. ಅವರ ಮೊಮ್ಮಗಳು ಮರುವರ್ಷ ನನ್ನ ಶಾಲೆಗೆ ಸೇರಿದಳು. ಬಡ್ಡಿಯ ಲೆಕ್ಕಗಳನ್ನು ನಾನು ನಿಮ್ಮಿಂದ ಅಷ್ಟೊಂದು ಸಲ ಏಕೆ ಮಾಡಿಸುತ್ತಿದ್ದೆನೆಂದು ಈಗ ನಿಮಗೆ ಅರ್ಥವಾಗಿರಬಹುದು.

ಮುಂದಿನ ದಶಕಗಳ ಸಂಗತಿಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತವೆ. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು; 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ದೇವರಾಜ ಅರಸರ ಸರಕಾರ 1976ರಲ್ಲಿ ಋಣಪರಿಹಾರ ಕಾಯಿದೆ ತಂದು ದುರ್ಬಲರ ಖಾಸಗಿ ಸಾಲಗಳನ್ನು ರದ್ದುಗೊಳಿಸಿತು. ಸಾಲಕ್ಕಾಗಿ ಜೀತಕ್ಕಿಡುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯೂ ಅದೇ ವರ್ಷದ್ದು. ಅಡವಿನ ಪಾತ್ರೆಗಳು ಮನೆಗೆ ಮರಳಿದ ಆ ದಿನಗಳ ಸಂತೋಷ ಸಣ್ಣದಲ್ಲ. ಆದರೆ ಹಳೆಯ ಸಾಲ ಅಳಿಸಿದ ಮಾತ್ರಕ್ಕೆ ನಾಳೆಯ ಅಗತ್ಯ ಅಳಿಯುವುದಿಲ್ಲ.

ಆ ಅಗತ್ಯಕ್ಕೆ ಉತ್ತರ ಹುಡುಕಿದವರು ಹೆಣ್ಣುಮಕ್ಕಳು. 1980ರ ದಶಕದ ನಡುವೆ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಸಣ್ಣ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000ದಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಈ ಗುಂಪುಗಳ ಬಲ ಅವುಗಳ ವಾರದ ಸಭೆಯಲ್ಲಿದೆ. ಉಳಿತಾಯವೆಷ್ಟು, ಯಾರಿಗೆ ಎಷ್ಟು ಸಾಲ, ಯಾರದು ಬಾಕಿ ಎಂಬುದನ್ನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದುತ್ತಾರೆ. ಓದಲು ಬಾರದ ಸದಸ್ಯೆಗೂ ಲೆಕ್ಕ ಕಿವಿಗೆ ಬೀಳುತ್ತದೆ. ಸುಪೆಯಲ್ಲಿ ರೈತರು ಸುಟ್ಟ ಪುಸ್ತಕ ಇಲ್ಲಿ ಜಮಖಾನೆಯ ಮೇಲೆ ತೆರೆದುಕೊಂಡಿರುತ್ತದೆ.

ಆದರೆ ನೆರೆಯವರ ತಿಳಿವು ಎರಡು ಅಲಗಿನ ಕತ್ತಿ. ಕಿರುಸಾಲದ ಕಂಪನಿಗಳು ಇದೇ ಗುಂಪಿನ ಮಾದರಿಯನ್ನು ಹಿಡಿದು ಹಳ್ಳಿಗೆ ಬಂದವು. ಕೆಲವೆಡೆ ಊರ ಮರ್ಯಾದೆಯೇ ವಸೂಲಿಯ ಆಯುಧವಾಯಿತು. ಒಬ್ಬಳ ಕಂತು ತಪ್ಪಿದರೆ ಉಳಿದವರನ್ನು ಅವಳ ಅಂಗಳದಲ್ಲಿ ಕೂರಿಸುವವರೂ ಕಾಣಿಸಿಕೊಂಡರು. 2025ರ ಜನವರಿಯಲ್ಲಿ ವಸೂಲಿಯ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳನ್ನು ಓದಿದಿರಷ್ಟೆ. ಅದೇ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಮಾಡಿತು. ಇದಕ್ಕೂ ಮೊದಲೇ, 2022ರ ರಿಸರ್ವ್ ಬ್ಯಾಂಕಿನ ನಿರ್ದೇಶನ, ಕಿರುಸಾಲದ ಎಲ್ಲ ವಿವರಗಳಿರುವ ಕಾರ್ಡನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿತ್ತು. 1879ರ ಪಾಸುಪುಸ್ತಕ ಬೇರೆ ವೇಷದಲ್ಲಿ ಮರಳಿ ಬಂದಂತಾಯಿತು.

ಈ ಎಲ್ಲ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಸಾಲಗಾರನನ್ನು ಬಲ್ಲವನು ಸಾಲ ಕೊಟ್ಟರೆ ಒಳ್ಳೆಯದೇ. ಆದರೆ ಸಾಲಗಾರನೂ ಲೆಕ್ಕವನ್ನು ಬಲ್ಲವನಾಗಿರಬೇಕು. ಒಂದು ಕಡೆ ಮಾತ್ರ ಬೆಳಕಿದ್ದರೆ ಎಂಥ ಸಂಸ್ಥೆಯೂ ಹಳೆಯ ಪಡಸಾಲೆಯೇ ಆಗುತ್ತದೆ.

ನಿಮ್ಮಲ್ಲಿ ಹಲವರು ಇಂದಿಗೂ ಹಳ್ಳಿಗಳಲ್ಲಿದ್ದೀರಿ. ಸಾಲ ಬೇಕಾದಾಗ ಮೊದಲು ಊರಿನ ಸಹಕಾರ ಸಂಘ, ಸ್ವಸಹಾಯ ಗುಂಪು, ಬ್ಯಾಂಕುಗಳಲ್ಲಿ ವಿಚಾರಿಸಿರಿ. ಬೇರೆಯವರಲ್ಲಿ ಹೋಗಬೇಕಾಗಿ ಬಂದರೆ ಅವರಿಗೆ ಲೇವಾದೇವಿಯ ಪರವಾನಗಿ ಇದೆಯೇ ಎಂದು ಕೇಳಿರಿ. “ಮೂರು ರೂಪಾಯಿ ಬಡ್ಡಿ” ಎಂದರೆ ವರ್ಷಕ್ಕೆ ಶೇಕಡಾ 36 ಎಂಬುದನ್ನು ಮರೆಯಬೇಡಿರಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿರಿ. ಕಟ್ಟಿದ ಪ್ರತಿಯೊಂದು ಕಂತಿಗೂ ರಸೀತಿ ಪಡೆಯಿರಿ. ನಿಮ್ಮ ಓಣಿಯಲ್ಲಿ ಓದಲು ಬಾರದ ಹಿರಿಯರಿದ್ದರೆ, ಅವರು ಹೆಬ್ಬೆಟ್ಟು ಒತ್ತುವ ಮೊದಲೇ ಆ ಕಾಗದವನ್ನು ಅವರಿಗೆ ಓದಿ ಹೇಳಿರಿ. ನನ್ನ ಶಾಲೆಯಲ್ಲಿ ಅಕ್ಷರ ಕಲಿತವರಿಂದ ನಾನು ಬೇಡುವ ಗುರುದಕ್ಷಿಣೆ ಅದೊಂದೇ.