ಗೋಡೆಯ ಮೇಲಿನ ಲೆಕ್ಕ

ಗರುಡಾಚಾರ್‌ಪಾಳ್ಯದ ನಮ್ಮ ಬೀದಿಯ ಕೊನೆಯಲ್ಲಿ, ಒಂದು ಶೀಟಿನ ಮನೆಯ ಮುಂಗೋಣೆಯಲ್ಲಿ, 1996ರ ಸುಮಾರಿಗೆ ಬಾಹ್ಯಾಕಾಶ ಯುದ್ಧ ನಡೆಯುತ್ತಿತ್ತು. ಅರ್ಧ ಗಂಟೆಗೆ ಎರಡು ರೂಪಾಯಿ. ಯುದ್ಧಭೂಮಿ ಹದಿನಾಲ್ಕು ಇಂಚಿನ ಕಪ್ಪುಬಿಳುಪು ಟಿವಿ. ಅದರ ಮುಂದೆ, ಆ ಕಾಲದ ಎಷ್ಟೋ ಮನೆಗಳಲ್ಲಿದ್ದಂತೆ, ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ವಾರ್ತೆ ಓದುವವರ ಹಣೆಯನ್ನು ನೀಲಿ ಮಾಡಿ ಗಲ್ಲವನ್ನು ಹಸಿರು ಮಾಡುತ್ತಿದ್ದ ಈ ಹಾಳೆ ನಮ್ಮ ಆಟಕ್ಕೆ ಮಾತ್ರ ಹೇಳಿ ಮಾಡಿಸಿದಂತಿತ್ತು. ಶತ್ರುಗಳು ಬರುವ ಆಕಾಶ ನೀಲಿ, ಕೆಳಗಿನ ನಮ್ಮ ವಿಮಾನ ಹಸಿರು.

ಬಹಳ ವರ್ಷಗಳ ಮೇಲೆ ತಿಳಿದು ನಗು ಬಂದ ಸಂಗತಿಯೆಂದರೆ, ಈ ಉಪಾಯ ನಮ್ಮದಷ್ಟೇ ಆಗಿರಲಿಲ್ಲ. ಈ ಜಾತಿಯ ಆಟಗಳಿಗೆಲ್ಲ ಹಿರಿಯಣ್ಣನಾದ ‘ಸ್ಪೇಸ್ ಇನ್‌ವೇಡರ್ಸ್’ 1978ರಲ್ಲಿ ಜಪಾನಿನ ಟೈಟೊ ಕಂಪನಿಯಿಂದ ಹೊರಬಂದಾಗ ಅದರ ಪರದೆಯೂ ಕಪ್ಪುಬಿಳುಪೇ. ಅವರೂ ಗಾಜಿನ ಮೇಲೆ ಬಣ್ಣದ ಪಟ್ಟಿ ಅಂಟಿಸಿಯೇ ಕಣ್ಣಿಗೆ ಮೋಸ ಮಾಡಿದ್ದರು. ಅದನ್ನು ರೂಪಿಸಿದವರು ತೊಮೊಹಿರೊ ನಿಶಿಕಾಡೊ. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅವರನ್ನು ಕೊಲ್ಲುತ್ತ ಹೋದಂತೆ ಉಳಿದವರ ನಡಿಗೆ ಚುರುಕಾಗುತ್ತದೆ, ಕೊನೆಯವನಂತೂ ಓಡಿಯೇ ಬರುತ್ತಾನೆ. ಇದರ ಗುಟ್ಟು ಯಂತ್ರದ ಬಡತನದಲ್ಲಿತ್ತು. ಒಳಗಿದ್ದ ಇಂಟೆಲ್ 8080 ಎಂಬ ಪ್ರೊಸೆಸರ್ ಪರದೆ ಬದಲಾಗುವ ಪ್ರತಿ ಸಲಕ್ಕೂ, ಎಂದರೆ ಸೆಕೆಂಡಿಗೆ ಸುಮಾರು 60 ಬಾರಿ, ಒಬ್ಬನನ್ನು ಮಾತ್ರ ಸರಿಸಬಲ್ಲದಾಗಿತ್ತು. 55 ಮಂದಿ ಇದ್ದಾಗ ಎಲ್ಲರೂ ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಒಬ್ಬನೇ ಉಳಿದರೆ ಸರದಿಯೆಲ್ಲ ಅವನದೇ. ನಿಶಿಕಾಡೊ ಇದನ್ನು ತಿದ್ದಲು ಹೋಗದೆ ಆಟದ ಜೀವವನ್ನಾಗಿ ಉಳಿಸಿಕೊಂಡರು. ಡಿಪ್ಲೊಮಾ ಓದುವಾಗ ನಾವು ಲ್ಯಾಬಿನಲ್ಲಿ ಎರಡು ಸಂಖ್ಯೆ ಕೂಡಿಸಿ ಬೆವರುತ್ತಿದ್ದ 8085 ಕಿಟ್ ಇದೆಯಲ್ಲ, ಅದು ಈ 8080ರ ಒಡಹುಟ್ಟಿದ ತಮ್ಮ. ಯಾವ ಮೇಷ್ಟರಾದರೂ ಆ ಸಂಬಂಧ ಹೇಳಿದ್ದರೆ ನಾವು ಇನ್ನಷ್ಟು ಮನಸ್ಸಿಟ್ಟು ಕಲಿಯುತ್ತಿದ್ದೆವೋ ಏನೋ.

ನಮ್ಮ ಬೀದಿಯ ಯುದ್ಧ ಮಾತ್ರ ‘ಗ್ಯಾಲಾಕ್ಸಿಯನ್’. ಇದೂ ಜಪಾನಿನದೇ, ನ್ಯಾಮ್ಕೊ ಕಂಪನಿಯದು, 1979ರದು. 1984ರಲ್ಲಿ ಅದು ನಿಂಟೆಂಡೊದ ಫ್ಯಾಮಿಕಾಮ್ ಎಂಬ ಮನೆಯ ಯಂತ್ರಕ್ಕೆ ಇಳಿಯಿತು. ಆ ಯಂತ್ರದ ನಕಲುಗಳು ಹಡಗು ಹತ್ತಿ, ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಬಂದು ಕೂತವು. ನಮಗೆ ಅದು ಟಿವಿ ಗೇಮ್ ಅಷ್ಟೇ; ಅದಕ್ಕೆ ಸಿಕ್ಕಿಸುವ ಹಳದಿ ಡಬ್ಬಿಗೆ ಕ್ಯಾಸೆಟ್ ಎನ್ನುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ 9999 ಆಟಗಳಿವೆ ಎಂದು ಬರೆದಿರುತ್ತಿತ್ತು. ಲೆಕ್ಕ ಹಾಕಿದರೆ ಕೆಲವೇ ಆಟಗಳು ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ಆಟ ಬಾರದಿದ್ದರೆ ಕ್ಯಾಸೆಟ್ ಕಿತ್ತು ಉಫ್ ಎಂದು ಊದಬೇಕು. ಊದಿದ್ದರಿಂದಲೇ ಸರಿಹೋಯಿತೋ, ಕಿತ್ತು ಮತ್ತೆ ಸಿಕ್ಕಿಸಿದ್ದರಿಂದ ಸರಿಹೋಯಿತೋ, ಆ ತರ್ಕವೆಲ್ಲ ಆಗ ಯಾರಿಗೆ ಬೇಕಿತ್ತು?

ಗ್ಯಾಲಾಕ್ಸಿಯನ್‌ನಲ್ಲಿ ನಮ್ಮ ವಿಮಾನಕ್ಕೆ ಒಂದು ಹೊತ್ತಿಗೆ ಒಂದೇ ಗುಂಡು. ಹೊಡೆದದ್ದು ತಾಗಬೇಕು, ಇಲ್ಲವೆ ಪರದೆ ದಾಟಿ ಹೋಗಬೇಕು. ಅಲ್ಲಿಯತನಕ ಗುಂಡಿ ಒತ್ತಿ ಹೆಬ್ಬೆರಳು ಸವೆಸಿದರೂ ಇನ್ನೊಂದು ಹೊರಡದು. ಗುರಿ ತಪ್ಪಿದವನಿಗೆ ಶಿಕ್ಷೆಯೆಂದರೆ ಆ ಖಾಲಿ ಕ್ಷಣವೇ. ಅದರ ಮೇಲೆ ಆಸೆಯ ಬಲೆ ಬೇರೆ. ಮೇಲಿನ ಸಾಲಿನ ನಾಯಕ ಹಡಗು ಸಾಲಿನಲ್ಲಿ ಸುಮ್ಮನೆ ನಿಂತಿರುವಾಗ ಹೊಡೆದರೆ 60 ಅಂಕ. ಒಂಟಿಯಾಗಿ ಎರಗುವಾಗ ಹೊಡೆದರೆ 150, ಒಬ್ಬ ಬೆಂಗಾವಲಿನವನೊಡನೆ ಬರುವಾಗ 200, ಇಬ್ಬರೊಡನೆ ಬರುವಾಗ 300. ಆದರೆ ಆ ಇಬ್ಬರನ್ನೂ ಮೊದಲು ಕೆಡವಿ ಕೊನೆಗೆ ನಾಯಕನನ್ನು ಹೊಡೆದರೆ 800! ಒಂದೇ ಗುಂಡಿನ ಬಡವ ಮೂವರನ್ನು ಸರದಿಯಲ್ಲಿ ಹೊಡೆಯಬೇಕು, ಅದೂ ಅವರು ಬಾಂಬು ಸುರಿಸುತ್ತ ತಲೆಯ ಮೇಲೆಯೇ ಬರುತ್ತಿರುವಾಗ. ನಮ್ಮಲ್ಲಿ ಹೆಚ್ಚಿನವರು ಸತ್ತದ್ದು ಆ 800ರ ಆಸೆಗೆ.

ಅಂಗಡಿ ನಡೆಸುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರ ಯಜಮಾನರು ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವರು. ಅಕ್ಕ ಒಂದು ಕಡೆ ಹುರುಳಿಕಾಯಿ ಮುರಿಯುತ್ತ, ಇನ್ನೊಂದು ಕಡೆ ಗಡಿಯಾರ ನೋಡುತ್ತ, ಮೂರನೆಯ ಕಣ್ಣಿನಿಂದ ನಮ್ಮ ಅಂಕವನ್ನೂ ನೋಡುತ್ತಿದ್ದರು. ಪರದೆಯ ತುದಿಯಲ್ಲಿ ‘ಹೈ ಸ್ಕೋರ್’ ಎಂದು ಕಾಣುವ ಸಂಖ್ಯೆ ಯಂತ್ರ ಆರಿಸುವವರೆಗೆ ಮಾತ್ರ. ಬೇರೆ ಆಟಕ್ಕೆ ಹೋಗಲು ರೀಸೆಟ್ ಒತ್ತಿದರೂ ಅದು ಅಳಿಸಿಹೋಗುತ್ತಿತ್ತು. ಆದ್ದರಿಂದ ಅಕ್ಕ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಬರೆಯುತ್ತಿದ್ದರು. ಒಂದೇ ಹೆಸರು, ಒಂದೇ ಸಂಖ್ಯೆ. ಅವರ ಕಾನೂನು ಸರಳ: “ನಾನ್ ಕಣ್ಣಾರೆ ನೋಡಿರ್ಬೇಕು. ಇಲ್ಲಾಂದ್ರೆ ನೋಡ್ದೋರು ಒಬ್ಬರಾದ್ರೂ ಹೇಳ್ಬೇಕು.”

ಅಕ್ಕನ ಈ ಕಾನೂನಿಗೆ ಸಮಾನವಾದದ್ದನ್ನು ಅಮೆರಿಕದಲ್ಲಿ ದೊಡ್ಡದಾಗಿಯೇ ನಡೆಸಿದ್ದಾರೆ. ಅಯೋವಾ ರಾಜ್ಯದ ಆಟಮ್ವಾ ಎಂಬ ಊರಿನಲ್ಲಿ ಆಟದ ಅಂಗಡಿ ಇಟ್ಟಿದ್ದ ವಾಲ್ಟರ್ ಡೇ 1982ರಲ್ಲಿ ‘ಟ್ವಿನ್ ಗ್ಯಾಲಕ್ಸೀಸ್’ ಹೆಸರಿನಲ್ಲಿ ದೇಶದ ಅಂಕಗಳನ್ನೆಲ್ಲ ದಾಖಲಿಸತೊಡಗಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಕಾಟ್ ಸಫ್ರಾನ್ ಎಂಬ ಹುಡುಗ ‘ಆಸ್ಟರಾಯ್ಡ್ಸ್’ ಆಟವನ್ನು ಎರಡು ದಿನಕ್ಕೂ ಮಿಕ್ಕಿ ಒಂದೇ ಸಮ ಆಡಿ 4,13,36,440 ಅಂಕ ಗಳಿಸಿದ. ಆಮೇಲೆ ಅವನ ಸುಳಿವಿಲ್ಲ. ಡೇ ಅವನನ್ನು ವರ್ಷಗಟ್ಟಲೆ ಹುಡುಕಿದರು. ಅವನು 1989ರಲ್ಲೇ ತೀರಿಕೊಂಡಿದ್ದನೆಂದು ಅವರಿಗೆ ತಿಳಿದದ್ದು 2002ರಲ್ಲಿ. ಮನೆಯವರ ಕೈಗೆ ಆ ಗೌರವವನ್ನು ಒಪ್ಪಿಸಿ ಬಂದರು. ಆ ಅಂಕವನ್ನು ಇನ್ನೊಬ್ಬ ಆಟಗಾರ ದಾಟಿದ್ದು 2010ರಲ್ಲಿ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದು ಹೇಳಬೇಕು.

ಗೋಡೆಯ ಮೇಲೆ ಆಗ ಇದ್ದದ್ದು ನನ್ನ ಹೆಸರು: 46,910. ಅದೇ ಹೊತ್ತಿಗೆ ವೈಟ್‌ಫೀಲ್ಡ್ ಕಡೆ ದೊಡ್ಡ ಕಟ್ಟಡಗಳ ಕೆಲಸ ಶುರುವಾಗಿ, ರಾಯಚೂರು ಸೀಮೆಯಿಂದ ಬಂದ ಕೆಲಸಗಾರರು ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿಯ ಹುಡುಗನೊಬ್ಬ ವಾರಕ್ಕೊಮ್ಮೆ, ಬಟವಾಡೆಯ ಮರುದಿನ, ಎರಡು ರೂಪಾಯಿ ಹಿಡಿದು ಬರುತ್ತಿದ್ದ. ನಾವು ದಿನಾ ಆಡಿ ಕಲಿತದ್ದನ್ನು ಅವನು ಹಿಂದೆ ನಿಂತು ನೋಡಿಯೇ ಕಲಿತಿದ್ದ. ಅವಸರವೇ ಇಲ್ಲದ ಕೈ. ನಾಯಕ ಹೊರಟರೆ ನಾವು ಎದುರು ಓಡುತ್ತಿದ್ದೆವು, ಅವನು ಒಂದಿಷ್ಟು ಪಕ್ಕಕ್ಕೆ ಸರಿದು ಕಾಯುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಅಕ್ಕ ನಲ್ಲಿಯ ಸಾಲಿಗೆ ಬಿಂದಿಗೆ ಹಿಡಿದು ಹೋಗಿದ್ದರು. ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಅವನು 46,910 ದಾಟಿದ್ದನ್ನು ನಾನು ನೋಡಿದೆ. ನನ್ನ ಕಿವಿ ಬಿಸಿಯಾಯಿತು. ಕೊನೆಯ ವಿಮಾನ ಸಿಡಿದಾಗ ಪರದೆಯ ಮೇಲೆ ನಿಂತದ್ದು 52,370. ಅವನು ತಿರುಗಿ ನನ್ನನ್ನು ನೋಡಿ ನಕ್ಕ. ಅಷ್ಟರಲ್ಲಿ ಕರೆಂಟು ಹೋಯಿತು.

ಅಕ್ಕ ಬಂದರು. ಅವನು ಹೇಳಿದ. ಅಕ್ಕ ನನ್ನ ಕಡೆ ತಿರುಗಿದರು. “ಇವ ನೋಡ್ಯಾನ್ರೀ ಅಕ್ಕಾ, ಕೇಳ್ರಿ ಇವಗ” ಎಂದ ಅವನು. ನಾನು ಸರಿಯಾಗಿ ನೋಡಲಿಲ್ಲ ಎಂದೆ. ಪೂರಾ ಸುಳ್ಳೂ ಅಲ್ಲದಂತೆ ಕೇಳುವ ಆ ‘ಸರಿಯಾಗಿ’ ಎಂಬ ಮಾತನ್ನು ಹನ್ನೆರಡು ವರ್ಷದವನು ಎಲ್ಲಿಂದ ಕಲಿತೆನೋ! ಅವನು ಜಗಳ ಆಡಲಿಲ್ಲ. ಗೋಡೆಯನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದಿನ ಒಂದೆರಡು ವಾರ ಬರಲಿಲ್ಲ. ಆಮೇಲೆ ನೋಡಿದರೆ ಬಯಲಿನಲ್ಲಿ ಗುಡಿಸಲುಗಳೇ ಇರಲಿಲ್ಲ, ಒಲೆಯ ಕಲ್ಲುಗಳು ಮಾತ್ರ ಇದ್ದವು.

ನನ್ನ ಸಂಖ್ಯೆ ಗೋಡೆಯ ಮೇಲೆ ಯುಗಾದಿಯ ಸುಣ್ಣದವರೆಗೂ ಉಳಿಯಿತು. ಬಂದವರೆಲ್ಲ ನೋಡಿ ಬೆನ್ನು ತಟ್ಟಿದರು. ನಾನು ಆ ಆಟ ಬಿಟ್ಟು ಕ್ಯಾಸೆಟ್ಟಿನ ಬೇರೆ ಆಟಗಳಿಗೆ ಹೋದೆ.

ಇಂದು ಆ ಬಯಲು ಯಾವುದೆಂದು ಗುರುತಿಸುವುದೇ ಕಷ್ಟ. ಶೀಟಿನ ಮನೆಯ ಜಾಗದಲ್ಲಿ ನಾಲ್ಕು ಮಹಡಿಯ ಪಿ.ಜಿ. ಎದ್ದಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಶುರುವಾದಾಗ ಗರುಡಾಚಾರ್‌ಪಾಳ್ಯಕ್ಕೂ ಒಂದು ನಿಲ್ದಾಣವಾಯಿತು. ಸಂಜೆ ಅದರಲ್ಲಿ ಬರುವಾಗ ಹುಡುಗರು ಫೋನಿನಲ್ಲಿ ಇಂಥವೇ ಆಟ ಆಡುವುದನ್ನು ಭುಜದ ಮೇಲಿನಿಂದ ಇಣುಕಿ ನೋಡುತ್ತೇನೆ. ಅವರ ಅಂಕ ಆಫ್ ಮಾಡಿದರೂ ಅಳಿಯುವುದಿಲ್ಲ. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಹೆಸರು ಆಗಲೂ ಕೇಳಿರಲಿಲ್ಲ. ಅಂಕ 52,370.